ಮಾಮಾ ಮಾಡಿದ ಅಧ್ಯಕ್ಷಗಿರಿ

ಅಧ್ಯಕ್ಷಗಿರಿ ಮಾಡಲು ಬಾರದವರನ್ನೇ ಹುಡುಕಿ ಅಧ್ಯಕ್ಷರನ್ನಾಗಿ ಮಾಡಿದ ಸಂಘ ನಮ್ಮದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ವಯಸ್ಸಾದವರಿಗೆ ಚಿಕಿತ್ಸೆ ನೀಡುವ ವೈದ್ಯರು, ನರ್ಸುಗಳು ಸೇರಿ ಕಟ್ಟಿಕೊಂಡದ್ದು. ಸಿಂದಗಿಯಲ್ಲಿ ದವಾಖಾನೆ ಇಟ್ಟಿರುವ ನನ್ನ ಸೋದರಮಾವ ಅಧ್ಯಕ್ಷರು. ಇಂಡಿಯಲ್ಲಿ ವೈದ್ಯೆಯಾಗಿರುವ ನಾನು ಕಾರ್ಯದರ್ಶಿ, ಎಂದರೆ ಮಾಮಾ ಎಬ್ಬಿಸಿದ ಧೂಳು ಗುಡಿಸುವವಳು.

ಬೇರೆ ಅಧ್ಯಕ್ಷರು ವೇದಿಕೆಯ ನಡುವಿನ ಕುರ್ಚಿ ಹುಡುಕುತ್ತಾರೆ. ಮಾಮಾ ಬಾಗಿಲ ಬಳಿ ಕೂರುತ್ತಾರೆ, ಊಟಕ್ಕೆ ಮೊದಲು ಯಾರೂ ಜಾರಿಕೊಳ್ಳಬಾರದೆಂದು. ಭಾಷಣ ಮಾಡಿ ಎಂದರೆ, "ನಾ ಮೊದಲ ಮಾತಾಡಿದ್ರ ನೀವೆಲ್ಲಾ ಹೂಂ ಅಂತೀರಿ. ನೀವು ಮಾತಾಡ್ರಿ, ಕಡೀಕ ನಾ ಹೂಂ ಅಂತೇನಿ" ಎನ್ನುತ್ತಾರೆ. ಇಂಥ ಅಧ್ಯಕ್ಷರನ್ನು ಎಲ್ಲಾದರೂ ಕಂಡಿದ್ದೀರಾ?

ಇಂಡಿಯಲ್ಲಿ ನಡೆದ ಮೊದಲ ಸಭೆಯಲ್ಲಿ ಅವರು ಎಲ್ಲರ ಕಿವಿಗೆ ಹತ್ತಿ ತುರುಕಿಸಿದರು, ಚಷ್ಮಾಕ್ಕೆ ಎಣ್ಣೆ ಸವರಿದರು, ಬೂಟಿನೊಳಗೆ ಜೋಳ ಸುರಿದರು. "ಒಂದು ತಾಸು ನೀವೆಲ್ಲಾ ಮುದುಕರು" ಎಂದು ಅಪ್ಪಣೆಯಾಯಿತು. ಬಾಗೇವಾಡಿಯ ಹೃದಯದ ಡಾಕ್ಟರು ಕುಂಟುತ್ತ ಬಂದು ಮಾಮಾನ ಎದುರು ಕುಳಿತರು. ಮಾಮಾ ತಲೆ ಎತ್ತದೆ ಗೊಣಗಿದರು: "ಊಟದ ಮುಂದ ಒಂದು ಗುಳಿಗಿ, ಮಲಗೂ ಮುಂದ ಅರ್ಧ."

"ಹೌದ್ರಿ, ಮುಂದಿನ ತಿಂಗಳ ಬರ್ತೇನಿ" ಎಂದು ಹೃದಯದ ಡಾಕ್ಟರು ಎದ್ದರು.

ಮಾಮಾ ಗಟ್ಟಿಯಾಗಿ ಹೇಳಿದರು: "ನೋಡ್ರಿ, ನಮ್ಮ ಪೇಶಂಟ್ ದಿನಾ ಹಿಂಗಽ ಮನಿಗೆ ಹೋಗ್ತಾರ."

ಈ ಹೃದಯದ ಡಾಕ್ಟರಿಗೂ ಮುದ್ದೇಬಿಹಾಳದ ಎಲುಬಿನ ಡಾಕ್ಟರಿಗೂ ಮಾತಿರಲಿಲ್ಲ. ನಾಲತವಾಡದ ಒಬ್ಬ ಅಜ್ಜಿ ಇಬ್ಬರ ಹತ್ತಿರವೂ ಗುಳಿಗೆ ತೆಗೆದುಕೊಂಡು, ತಲೆ ತಿರುಗಿ ಅಂಗಳದಲ್ಲಿ ಬಿದ್ದಿದ್ದರು. ಎಲುಬು ಮುರಿಯದಿದ್ದದ್ದು ಪುಣ್ಯ. ನಿಮ್ಮ ಗುಳಿಗೆಯಿಂದ ಎಂದು ಇವರು, ನಿಮ್ಮದರಿಂದ ಎಂದು ಅವರು. ಸಂಘವೇ ಎರಡು ಹೋಳಾಗುವುದರಲ್ಲಿತ್ತು.

ಒಂದು ಭಾನುವಾರ ಮಾಮಾ ಇಬ್ಬರನ್ನೂ ತಮ್ಮ ಹಳೆಯ ಕಾರಿನ ಹಿಂದಿನ ಸೀಟಿಗೆ ತುಂಬಿ ನಾಲತವಾಡಕ್ಕೆ ಹೊರಟರು. ಮುಂದೆ ನಾನು. ಇಬ್ಬರೂ ಒಂದೊಂದು ಕಿಟಕಿ ಹಿಡಿದು ಹೊಲ ನೋಡಿದ್ದೇ ನೋಡಿದ್ದು. ಅಜ್ಜಿಯ ಮನೆಯಲ್ಲಿ ಮಾಮಾ ಗುಳಿಗೆಯ ಚೀಲವನ್ನು ಹಗ್ಗದ ಹೊರಸಿನ ಮೇಲೆ ಸುರಿದರು.

"ಯಾವುದು ಯಾರು ಕೊಟ್ಟದ್ದು ಅಂತ ಕೇಳೂದಿಲ್ಲ. ಈ ಅವ್ವ ಬೀಳದಂಗ ನಡೀಬೇಕು. ಅದಕ್ಕ ಯಾವುದು ಬೇಕು, ಯಾವುದು ಬ್ಯಾಡ, ಇಬ್ಬರೂ ಕೂಡಿ ಹೇಳ್ರಿ."

ಅಷ್ಟು ಹೇಳಿ, ಹೊರಗೆ ಕಟ್ಟೆಯ ಮೇಲೆ ಅಜ್ಜಿಯೊಡನೆ ಶೇಂಗಾ ತಿನ್ನುತ್ತ ಕುಳಿತರು. ಒಳಗೆ ದನಿ ಏರಿತು, ಇಳಿಯಿತು. ಕೊನೆಗೆ ಇಬ್ಬರೂ ಒಂದೇ ಅಂಗೈಯಲ್ಲಿ ಹಿಡಿಸುವಷ್ಟು ಗುಳಿಗೆ ತಂದರು. ಅಜ್ಜಿ ಕೇಳಿದರು: "ಇಷ್ಟಽ ಸಾಕಿದ್ರ ಇಷ್ಟು ದಿನಾ ಅಷ್ಟ್ಯಾಕ ತಿನ್ನಿಸಿದ್ರೋ ಯಪ್ಪಾ?"

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಮಾತು ನಿಲ್ಲಲೇ ಇಲ್ಲ. "ಹೋಗೂ ಮುಂದ ಎಷ್ಟು ಶಾಂತ ಇತ್ತವ್ವಾ" ಎಂದು ಮಾಮಾ ನನ್ನ ಕಿವಿಯಲ್ಲಿ ಗೊಣಗಿದರು. ಅಜ್ಜಿ ಈಗ ಓಣಿಯ ತುದಿಯವರೆಗೆ ನಡೆದು ಹೋಗಿ ಜಗಳ ತೆಗೆದು ಬರುವಷ್ಟು ಗಟ್ಟಿಯಾಗಿದ್ದಾರೆ.

ಹೋದ ತಿಂಗಳು ಬಾಗೇವಾಡಿಯಲ್ಲಿ ಸಭೆ. ಹೊಸ ಅಧ್ಯಕ್ಷರ ಆಯ್ಕೆಯಾಗಬೇಕು. ಮತ್ತೆ ಮಾಮಾನೇ ಇರಲಿ ಎಂದು ಎಲ್ಲರೂ ಅಂದರು. ಅಂದು ಮೊದಲ ಸಲ ಅವರೇ ಮೊದಲು ಮಾತಾಡಿದರು.

"ಮೊನ್ನೆ ಒಬ್ಬರಿಗೆ ಆಗಷ್ಟ ಕೊಟ್ಟ ಇಂಜೆಕ್ಷನ್ನಽ ಮತ್ತ ಕೊಡಾಕ ಹೋಗಿದ್ದೆ. ನಮ್ಮ ನರ್ಸ್ ಕೈ ಹಿಡದ್ಲು. ನನಗ ಮರವು ಸುರು ಆಗೇತಿ. ನಾ ಇನ್ನ ಪೇಶಂಟ್ ನೋಡೂದಿಲ್ಲ. ನೀವೆಲ್ಲಾ ಕೂಡಿ ನನ್ನ ನೋಡ್ರಿ."

ಹೃದಯದ ಡಾಕ್ಟರು ಹತ್ತಿರ ಬಂದು ನಾಡಿ ಹಿಡಿದರು. ಎಲುಬಿನ ಡಾಕ್ಟರು ಪಕ್ಕದಲ್ಲಿ ಕುಳಿತು, ಮರೆವು ಪರೀಕ್ಷಿಸುವ ಪ್ರಶ್ನೆಗಳನ್ನು ಮೆಲ್ಲಗೆ ಕೇಳಿದರು. ಇದು ಯಾವ ಊರು? ಇವತ್ತು ಯಾವ ವಾರ? ಮಾಮಾ ಉತ್ತರಿಸಿದರು, ವಾರ ಮಾತ್ರ ತಪ್ಪಿತು. ಕೊನೆಗೆ ಡಾಕ್ಟರು ಇನ್ನೊಂದು ಪಕ್ಕದಲ್ಲಿದ್ದ ನನ್ನನ್ನು ತೋರಿಸಿ ಕೇಳಿದರು: "ಇವರು ಯಾರ್ರಿ?"

ಮಾಮಾ ನನ್ನನ್ನು ಬಹಳ ಹೊತ್ತು ನೋಡಿದರು.

"ನಮ್ಮ ಅಧ್ಯಕ್ಷರು" ಎಂದರು, ಕಣ್ಣಲ್ಲೇ ನಗುತ್ತ.

ಎಲ್ಲರೂ ಹೂಂ ಅಂದರು. ಮಾಮಾ ಮೇಜಿನ ಕೆಳಗಿಂದ ನನ್ನ ಕೈ ಹಿಡಿದರು. ಸಭೆ ಮುಗಿಯುವವರೆಗೆ ನಾನು ಒಂದೇ ಕೈಯಲ್ಲಿ ಎಲ್ಲ ಕೆಲಸ ಮಾಡಿದೆ.