ಹೆಡ್ ಕೋಚಿನ ಕನ್ನಡ

ಗಟ್ಟಿಯಾಗಿ ಮಾತಾಡುವವರಿಗೆಲ್ಲ ಒಂದು ಭ್ರಮೆ ಇರುತ್ತದೆ, ತಾವು ಹೇಳಿದ್ದು ಎದುರಿನವರಿಗೆ ಅರ್ಥವಾಯಿತೆಂದು. ನನ್ನ ಭ್ರಮೆ ಇದಕ್ಕೆ ತದ್ವಿರುದ್ಧ. ನಾನು ಎಷ್ಟೇ ಗಂಟಲು ಹರಿದುಕೊಂಡರೂ ಬೇಡದವರಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ ಎಂದು ನಂಬಿದ್ದೆ. ಆ ನಂಬಿಕೆಯ ಮೇಲೆಯೇ ಹದಿನಾಲ್ಕು ವರ್ಷ ಸಂಬಳ ತೆಗೆದುಕೊಂಡೆ. ಎರ್ನಾಕುಲಂನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಬಾಸ್ಕೆಟ್‌ಬಾಲ್ ಹೆಡ್ ಕೋಚ್ ಆಗಿದ್ದೆ. ಹೆಡ್ ಎಂದಮೇಲೆ ಕೈಕೆಳಗೆ ಯಾರಾದರೂ ಇರಬೇಕಲ್ಲ. ನನ್ನ ಕೈಕೆಳಗೆ ಇದ್ದದ್ದು ಒಂದು ಗಾಳಿ ಪಂಪು, ಎರಡು ಚೆಂಡು. ಅದರಲ್ಲಿ ಒಂದು ಚೆಂಡಿನಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ.

ಅರವತ್ತರ ದಶಕದ ಆರಂಭದಲ್ಲಿ ನಮ್ಮ ಯಜಮಾನರಿಗೆ ಕೇಂದ್ರ ಸರ್ಕಾರದ ಕಚೇರಿಯಿಂದ ಅಲ್ಲಿಗೆ ವರ್ಗವಾಯಿತು. ಮೈಸೂರಿನಿಂದ ಎರಡು ವರ್ಷದ ಮಗಳು ಪದ್ಮಿನಿಯನ್ನು ಎತ್ತಿಕೊಂಡು ಹೋದೆವು. ಕಾಲೇಜಿನ ಪ್ರಿನ್ಸಿಪಾಲರು ಒಬ್ಬ ಸನ್ಯಾಸಿನಿ. ಎಲ್ಲರೂ ಅವರನ್ನು ಮದರ್ ಎನ್ನುತ್ತಿದ್ದರು. ಅವರು ನನ್ನ ಅರ್ಜಿಗಿಂತ ನನ್ನ ಎತ್ತರವನ್ನೇ ಹೆಚ್ಚು ಹೊತ್ತು ನೋಡಿ, "ಬಾಸ್ಕೆಟ್‌ಬಾಲ್ ಆಡಿದ್ದೀರಾ?" ಎಂದು ಕೇಳಿದರು. ನಾನು ಆಡಿದ್ದು ಥ್ರೋಬಾಲ್. "ಚೆಂಡು ಎಸೆದು ರೂಢಿಯಿದೆ" ಎಂದೆ. ಸುಳ್ಳೇನಲ್ಲ. ಆಮೇಲೆ ಬೆಳಿಗ್ಗೆ ನಿಯಮಗಳ ಪುಸ್ತಕ ಓದುವುದು, ಸಂಜೆ ಸೆರಗು ಸಿಕ್ಕಿಸಿ, ಸೀರೆಯ ಕೆಳಗೆ ಕ್ಯಾನ್ವಾಸ್ ಷೂ ಹಾಕಿಕೊಂಡು ಅದನ್ನೇ ಕಲಿಸುವುದು. ಹುಡುಗಿಯರು ನನಗಿಂತ ಒಂದೇ ಒಂದು ಪುಟ ಹಿಂದಿದ್ದರು.

ನನ್ನ ಮಲಯಾಳಂ ತರಕಾರಿ ಅಂಗಡಿಯವರೆಗೆ ಸಾಕಾಗುತ್ತಿತ್ತು. ಪಂದ್ಯದ ಬಿಸಿಗೆ ಬಾಯಲ್ಲಿ ಬರುತ್ತಿದ್ದದ್ದು ಶುದ್ಧ ಮೈಸೂರು ಕನ್ನಡ. ಮೊದಲ ಪಂದ್ಯ ಸೋತ ಮೇಲೆ ಕ್ಯಾಪ್ಟನ್ ಮೇರಿಕುಟ್ಟಿ ಬಂದು, "ಟೀಚರೇ, ನೀವು ಕೂಗಿದ್ದು ಆ ಕಡೆಯವರಿಗೆ ಒಂದೂ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ. ನಮಗೆ ಮಾತ್ರ ತಿಳಿಯುವ ಹಾಗೆ ಮಾಡಿ" ಎಂದು ಮಲಯಾಳಂನಲ್ಲಿ ಹೇಳಿದಳು. ನನ್ನ ಇಡೀ ವೃತ್ತಿಜೀವನದಲ್ಲಿ ಬಂದ ಒಂದೇ ಒಂದು ಒಳ್ಳೆಯ ಉಪಾಯ ಇದು, ಅದೂ ನನ್ನದಲ್ಲ. "ಅಡ್ಡ ನಿಲ್ರೇ", "ಸುತ್ತು ಹಾಕ್ಕೊಂಡ್ ಬಾರೇ", "ಹೊರಗಿಂದ್ಲೇ ಎಸಿಯೇ" ಎಂದೆಲ್ಲ ಬಾಯಿಪಾಠ ಮಾಡಿಸಿದೆ. ಎದುರು ತಂಡದವರು ಪಿಳಿಪಿಳಿ ನೋಡುತ್ತ ನಿಲ್ಲುವಷ್ಟರಲ್ಲಿ ನಮ್ಮವರು ಚೆಂಡು ಹಾಕಿ ಬರುತ್ತಿದ್ದರು. ಒಮ್ಮೆ ರೆಫರಿ ಬಂದು, ಆಟದ ನಡುವೆ ಸೂಚನೆ ಕೊಡಬಾರದು ಎಂದು ಗದರಿದರು. ದೇವರನಾಮ ಹೇಳಿಕೊಳ್ಳುತ್ತಿದ್ದೇನೆ ಎಂದೆ. ಪಾಪ, ಕೈಮುಗಿದು ಹೋದರು.

ವರ್ಷ ವರ್ಷವೂ ಹೊಸ ಹುಡುಗಿಯರು ಬಂದರು, ಕನ್ನಡ ಕಲಿತರು. ಹೇಳಿದ್ದನ್ನೆಲ್ಲ ಮಾಡುತ್ತಿದ್ದರು. ತಿರುಗಿ ಒಂದು ಕನ್ನಡದ ಮಾತನ್ನು ಮಾತ್ರ ಯಾರೂ ಆಡಲಿಲ್ಲ. ನಾನು ಅದನ್ನು ಶಿಸ್ತು ಎಂದುಕೊಂಡೆ.

ಮನೆಯಲ್ಲಿ ಕಥೆಯೇ ಬೇರೆ. ನಾನು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಪದ್ಮಿನಿಯ ಉತ್ತರ ಮಲಯಾಳಂನಲ್ಲಿ. "ಕಾಲ್ ತೊಳ್ಕೊಳ್ಳೇ" ಎಂದರೆ, ತೊಳೆದಾಯಿತು ಎನ್ನಲು "ಕಳುಗಿ ಅಮ್ಮೇ" ಎನ್ನುವಳು. ಮೈಸೂರಿನಿಂದ ಬಂದ ನನ್ನ ತಾಯಿ ಒಂದು ವಾರ ಇದನ್ನು ಕೇಳಿಸಿಕೊಂಡು, "ಊರ್ ಮಕ್ಳಿಗೆಲ್ಲಾ ಕನ್ನಡ ಹೇಳ್ಕೊಡ್ತೀಯ, ಹೆತ್ತ ಮಗೂಗೆ ಕಲಿಸೋಕಾಗ್ಲಿಲ್ವೇನೇ?" ಎಂದರು. ನಗುತ್ತಲೇ ಅಂದರು, ಆದರೆ ನನಗೆ ತುಂಬಾ ನೋವಾಯಿತು. ನನ್ನ ಭಾಷೆ ನನ್ನಲ್ಲೇ ಮುಗಿಯಿತು, ಇವಳಿಗೆ ಕನ್ನಡ ಬರುವುದಿಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಅವಳು ಕಾಲೇಜು ಸೇರುವ ವರ್ಷವೇ ಯಜಮಾನರಿಗೆ ತಿರುವನಂತಪುರಕ್ಕೆ ವರ್ಗವಾಗಿ, ಅಲ್ಲಿನ ಪಟ್ಟಂ ಬಡಾವಣೆಯಲ್ಲಿ ಮನೆ ಸಿಕ್ಕಿತು. ಮಗಳು ಆಗಲೇ ನನ್ನಷ್ಟು ಎತ್ತರ. ನನ್ನ ತಂಡಕ್ಕೆ ಬಾ ಎಂದೆ. "ವೀಟ್ಟಿಲುಂ ಅಮ್ಮ, ಕೋರ್ಟಿಲುಂ ಅಮ್ಮ! ಎನಿಕ್ಕ್ ವಯ್ಯ" ಎಂದಳು. ಮನೆಯಲ್ಲೂ ಅಮ್ಮ, ಕೋರ್ಟಿನಲ್ಲೂ ಅಮ್ಮ, ನನ್ನ ಕೈಲಾಗದು ಎಂದು. ಅಪ್ಪನ ಜೊತೆ ಹೊರಟೇಹೋದಳು. ನಾನು ಹಾಸ್ಟೆಲಿನ ಒಂದು ಕೋಣೆಯಲ್ಲಿ ಉಳಿದೆ.

ಮರುವರ್ಷ ಅಂತರ ಕಾಲೇಜು ಫೈನಲ್ ನಡೆದದ್ದು ತಿರುವನಂತಪುರದಲ್ಲಿ, ಪದ್ಮಿನಿಯ ಕಾಲೇಜಿನ ಮೇಲೆಯೇ. ನನ್ನ ತಂಡ ಬೇಡವೆಂದವಳು ಅಲ್ಲಿನ ತಂಡ ಸೇರಿಕೊಂಡಿದ್ದಳು. ಹಿಂದಿನ ಎರಡು ವರ್ಷ ನಾವೇ ಗೆದ್ದಿದ್ದೆವು; ಈ ಸಲವೂ ಗೆದ್ದರೆ ಕಪ್ಪು ಶಾಶ್ವತವಾಗಿ ನಮ್ಮದು. ಮದರ್ ಅದಕ್ಕಾಗಿ ಗಾಜಿನ ಬೀರುವನ್ನೇ ಮಾಡಿಸಿಟ್ಟಿದ್ದರು. ಓದುಗರಿಗೆ ಈ ಹೊತ್ತಿಗೆ ಅನುಮಾನ ಬಂದಿರಬೇಕು. ನನಗೆ ಬರಲಿಲ್ಲ. ಅವಳಿಗೆ ಕನ್ನಡ ಬರುವುದಿಲ್ಲವಲ್ಲ!

"ಸುತ್ತು ಹಾಕ್ಕೊಂಡ್ ಬಾರೇ" ಎಂದು ಕೂಗಿದೆ. ನಮ್ಮ ಹುಡುಗಿ ಸುತ್ತು ಹಾಕಿ ಬರುವಷ್ಟರಲ್ಲಿ ಪದ್ಮಿನಿ ಅಲ್ಲಿ ನಿಂತಿದ್ದಳು. "ಅಡ್ಡ ನಿಲ್ರೇ" ಎಂದರೆ ಅವಳ ತಂಡ ಇನ್ನೊಂದು ಬದಿಯಿಂದ ನುಗ್ಗಿತು. ಆಟ ಕೈತಪ್ಪಿದಷ್ಟೂ ನಾನು ಗಟ್ಟಿಯಾಗಿ, ಇನ್ನೂ ಸ್ಪಷ್ಟವಾಗಿ ಕೂಗಿದೆ. ಕೊನೆಗೆ ವಿರಾಮದಲ್ಲಿ ಈಗಿನ ಕ್ಯಾಪ್ಟನ್ ರೋಸಮ್ಮ ಕೈಹಿಡಿದುಕೊಂಡು, "ಟೀಚರೇ, ದಯವಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ" ಎಂದಳು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತೆ. ನಂಬುತ್ತೀರೋ ಇಲ್ಲವೋ, ನಮ್ಮವರು ಸರಿಸಮ ಮಾಡಿದರು. ಇನ್ನು ಅರ್ಧ ನಿಮಿಷ. ಚೆಂಡು ರೋಸಮ್ಮನ ಕೈಯಲ್ಲಿ. ಹದಿನಾಲ್ಕು ವರ್ಷದ ಚಾಳಿ ಬಿಡುತ್ತದೆಯೇ? ಸೆರಗು ಕಿತ್ತು, "ಹೊರಗಿಂದ್ಲೇ ಎಸಿಯೇ!" ಎಂದೆ. ರೋಸಮ್ಮ ಎಸೆಯುವ ಮೊದಲೇ ಪದ್ಮಿನಿ ಹಾರಿ ಚೆಂಡು ಕಿತ್ತುಕೊಂಡು ಓಡಿದಳು. ಅದು ಬುಟ್ಟಿಗೆ ಬಿದ್ದದ್ದೂ ಸೀಟಿ ಊದಿದ್ದೂ ಒಟ್ಟಿಗೆ.

ಹುಡುಗಿಯರನ್ನು ಬಸ್ಸು ಹತ್ತಿಸಿ ನಾನು ಪಟ್ಟಂಗೆ ಹೋದೆ. ಯಜಮಾನರು ನನ್ನ ಮುಖ ನೋಡಿದವರೇ ಅಡುಗೆಮನೆ ಸೇರಿದರು. ಪದ್ಮಿನಿ ಚಾಪೆಯ ಮೇಲೆ ಕೂತು ಮೊಣಕಾಲಿನ ತರಚು ಗಾಯಕ್ಕೆ ಔಷಧಿ ಹಚ್ಚಿಕೊಳ್ಳುತ್ತಿದ್ದಳು. ಕಪ್ಪು ಹೋದ ಸಂಕಟ ಒಂದು ಕಡೆ. ಇನ್ನೊಂದು ಕಡೆ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಂತೋಷ.

"ನಿಂಗೆ ಕನ್ನಡ ಬರತ್ತೇನೇ?" ಎಂದೆ.

"ಬರತ್ತೆ."

"ಮತ್ತೆ ಇಷ್ಟು ವರ್ಷ ಯಾಕೇ ಮಾತಾಡ್ಲಿಲ್ಲ?"

ಅವಳು ಸೀಸೆಯ ಮುಚ್ಚಳ ತಿರುಗಿಸುತ್ತ, ನನ್ನ ತಾಯಿಯದೇ ಮೈಸೂರು ಕನ್ನಡದಲ್ಲಿ, ಸಿಟ್ಟೇನೂ ಇಲ್ಲದೆ ಹೇಳಿದಳು: "ಏನಂತ ಮಾತಾಡ್ಲಮ್ಮಾ? ನೀನು ಕನ್ನಡದಲ್ಲಿ ಏಳು, ಕೂತ್ಕೋ, ತಿನ್ನು, ಓಡು ಅಂತ ಮಾತ್ರ ಹೇಳ್ತಿದ್ದೆ. ಅದಕ್ಕೆ ಉತ್ತರ ಯಾಕೆ ಬೇಕು? ಮಾಡಿದ್ರೆ ಸಾಕಲ್ವಾ?"

ಏನಾದರೂ ಹೇಳಬೇಕಿತ್ತು. ಹೇಳಲು ಬಹಳವೇ ಇತ್ತು. ಬಾಯಿ ತೆರೆದೆ.

"ಸಾಕು, ಏಳು, ಕೈ ತೊಳ್ಕೊಂಡ್ ಊಟಕ್ಕೆ ಬಾ" ಎಂದೆ.

ಅವಳು ಎದ್ದು ಕೈ ತೊಳೆಯಲು ಹೋದಳು. ಉತ್ತರ ಕೊಡಲಿಲ್ಲ.