ಡಿಸೆಂಬರಿನಲ್ಲಿ ಬೆವರುವ ನಮ್ಮ ವೈನಿ

ನಮ್ಮ ವೈನಿಯ ತಲೆದಿಂಬು ಫ್ರಿಜ್ಜಿನಲ್ಲಿ ಇರುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಾನೂ ಮೊದಲು ನಂಬಿರಲಿಲ್ಲ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಬೆಳಗಾವಿ ಕಡೆ ಅತ್ತಿಗೆಯನ್ನು ನಾವು ಹಾಗೆ ಕರೆಯುತ್ತೇವೆ. ಅವರಿರುವುದು ಖಾನಾಪುರದ ನನ್ನ ತವರುಮನೆಯಲ್ಲಿ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋದಾಗ, ಬೆಳಿಗ್ಗೆ ಚಹಾಕ್ಕೆ ಹಾಲು ಬೇಕೆಂದು ಫ್ರಿಜ್ ತೆರೆದೆ. ಮೊಸರಿನ ಪಾತ್ರೆಯ ಮಗ್ಗುಲಿಗೆ, ಮೆಂತ್ಯ ಸೊಪ್ಪಿನ ಮೇಲೆ ಒರಗಿಕೊಂಡು, ಹೂವಿನ ಗಲೀಫು ಹಾಕಿದ ದಿಂಬೊಂದು ಹಾಯಾಗಿ ಮಲಗಿತ್ತು!

"ಅಣ್ಣಾ, ಇದೇನಪಾ ಇದು?" ಎಂದೆ.

"ನಿಮ್ಮ ವೈನಿ ದಿಂಬು. ಹಾಲು ಅದರ ಹಿಂದ ಐತಿ, ತಗೋ," ಎಂದ ಅಣ್ಣ, ಏನೂ ಆಗಿಲ್ಲವೆಂಬಂತೆ.

ಅವನ ತಲೆಗೆ ಕಿವಿ ಮುಚ್ಚುವ ಉಣ್ಣೆ ಟೊಪ್ಪಿಗೆ, ಮೈಮೇಲೆ ಎರಡು ಸ್ವೆಟರು. ಡಿಸೆಂಬರ್ ತಿಂಗಳು, ಕಣಕುಂಬಿ ಕಾಡಿನ ಕಡೆಯ ಗಾಳಿ ಸುಯ್ಯೆನ್ನುತ್ತಿತ್ತು. ಸಾಲದ್ದಕ್ಕೆ ವೈನಿ ರಾತ್ರಿಯಿಡೀ ಫ್ಯಾನು ಐದರಲ್ಲೇ ಇಟ್ಟಿರುತ್ತಿದ್ದರು. "ನಾ ಲಗ್ನಾ ಆಗೇನೋ, ಮಿಲಿಟರಿಗೆ ಸೇರೇನೋ, ತಿಳೀವಲ್ತು," ಎಂದು ಅಣ್ಣ ಟೊಪ್ಪಿಗೆಯೊಳಗಿನಿಂದಲೇ ಗೊಣಗಿದ.

ವೈನಿಯ ಹಾಸಿಗೆಗೆ ಕಾಯಂ ವಿಳಾಸ ಎಂಬುದೂ ಇರಲಿಲ್ಲ. ಇವತ್ತು ಕೋಣೆಯಲ್ಲಿದ್ದರೆ ನಾಳೆ ಪಡಸಾಲೆಯಲ್ಲಿ, ನಾಡಿದ್ದು ಅಡುಗೆಮನೆಯ ಬರಿ ಫರಸಿ ಕಲ್ಲಿನ ಮೇಲೆ. ಒಂದು ಬೆಳಗಿನ ಜಾವ ಹಾಲಿನವನು ಬಂದಾಗ ಹೊರಗಿನ ಕಟ್ಟೆಯ ಮೇಲೆ, ಸೊಳ್ಳೆಗೆಂದು ತೆಳು ಬಿಳಿ ಪಂಚೆಯನ್ನು ಮುಖದವರೆಗೂ ಎಳೆದುಕೊಂಡು ಮಲಗಿದ್ದರಂತೆ. ಅವನು ಪಾಪ, ಚಪ್ಪಲಿ ಬಿಟ್ಟು, ಕ್ಯಾನು ಕೆಳಗಿಟ್ಟು ಕೈಮುಗಿದು ನಿಂತ. ಪಂಚೆಯೊಳಗಿಂದ ದನಿ ಬಂತು: "ಇವತ್ತ ಅರ್ಧಾ ಲೀಟರ್ ಜಾಸ್ತಿ ಹಾಕು." ಆಮೇಲೆ ಎಂಟು ದಿನ ಆ ಓಣಿಗೆ ಅವನು ಹಾಲು ತರಲಿಲ್ಲ!

ಇನ್ನು ರವಿವಾರ ಪೇಟೆಯ ಪ್ರಸಂಗ. ನೈಟಿ ಹೊಲಿಸಲು ಅರಿವೆ ಬೇಕೆಂದು ವೈನಿ ಬೆಳಗಾವಿಗೆ ಬಂದಿದ್ದರು. ಜೊತೆಗೆ ನಾನೂ ಹೋದೆ. ಅಂಗಡಿಯವರು ಒಂದಾದ ಮೇಲೊಂದು ಥಾನು ಬಿಚ್ಚಿ ಹಾಕಿದರು. ವೈನಿ ಬಣ್ಣ ನೋಡಲಿಲ್ಲ, ಹೂವು ನೋಡಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು ಅರಿವೆಯ ಅಂಚಿಗೆ ಸುರಿದೇಬಿಟ್ಟರು!

"ಅಹೋ ವೈನಿ, ಹೇ ಕಾಯ್ ಕರತಾಯ್!" ಎಂದು ಅಂಗಡಿಯವರು ಗಾಬರಿಯಲ್ಲಿ ಮರಾಠಿಗೆ ಇಳಿದರು, ಇದೇನು ಮಾಡುತ್ತಿದ್ದೀರಿ ಎಂದು.

"ಎಷ್ಟೊತ್ತಿಗೆ ಒಣಗ್ತದ ನೋಡೂಣ್ರೀ. ಫ್ಯಾನ್ ಹಚ್ಚರಿ," ಎಂದು ವೈನಿ ಗಾದಿಯ ಮೇಲೆ ಭದ್ರವಾಗಿ ಕುಳಿತರು.

ಆಗ ನಾನೇನು ಮಾಡಿದೆ ಗೊತ್ತೆ? ಮೆಲ್ಲಗೆ ಪಕ್ಕದ ಕಿರಾಣಿ ಅಂಗಡಿಗೆ ಸರಿದು, ಬೇಕಿಲ್ಲದ ಬೆಲ್ಲದ ದರ ಕೇಳುತ್ತ ನಿಂತೆ. ಅವರು ಯಾರೋ, ನಾನು ಯಾರೋ!

ನಾನು ಕೆಲಸ ಮಾಡುವುದು ಒಂದು ವಿಮೆ ಆಫೀಸಿನಲ್ಲಿ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಈ ಕಥೆಗಳೇ ನಮಗೆ ಉಪ್ಪಿನಕಾಯಿ. "ಏನ್ರೀ ಮೇಡಂ, ನಿಮ್ಮ ಫ್ರಿಜ್ ವೈನಿ ಹೊಸಾ ಸುದ್ದಿ ಏನೈತಿ?" ಎಂದು ಎಲ್ಲರೂ ಕೇಳುವರು. ನಾನು ಇದ್ದದ್ದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿ ಹೇಳುತ್ತಿದ್ದೆ. ಆ ಹೆಂಗಸಿಗೆ ಏನಾಗುತ್ತಿದೆ ಎಂದು ಕೇಳಬೇಕೆಂಬ ಬುದ್ಧಿ ಒಂದು ದಿನವೂ ನನಗೆ ಬರಲಿಲ್ಲ. ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಹೋದ ವರ್ಷ ನನಗೆ ನಲವತ್ತೇಳು ತುಂಬಿತು. ಒಂದು ರಾತ್ರಿ ಎಚ್ಚರವಾದಾಗ ಕತ್ತು, ಬೆನ್ನು, ತಲೆಗೂದಲು ಎಲ್ಲ ತೊಯ್ದು ತೊಪ್ಪೆ. ಮೇಲಿನ ಮನೆಯವರ ನಲ್ಲಿ ಸೋರುತ್ತಿರಬೇಕೆಂದು ಲೈಟು ಹಾಕಿ ಸೂರು ನೋಡಿದೆ. ಸೂರು ಒಣಗಿತ್ತು, ನಾನು ಮಾತ್ರ ಸೋರುತ್ತಿದ್ದೆ! ವಾರಕ್ಕೆ ನಾಲ್ಕು ಸಲ ಹೀಗಾಗತೊಡಗಿತು. ಪರಿಚಯದವರು ಯಾರೂ ಕಾಣಬಾರದೆಂದು ಊರ ಹೊರಗೆ ಹಿಂಡಲಗಾ ಕಡೆಯ ಡಾಕ್ಟರಮ್ಮನ ಹತ್ತಿರ ಹೋದೆ. ಅಲ್ಲಿನ ಜೈಲಿನಲ್ಲಿರುವ ಯಾರನ್ನೋ ನೋಡಲು ಹೋಗಿದ್ದಳು ಎಂದು ಜನ ಆಡಿಕೊಂಡರೂ ಅಡ್ಡಿಯಿಲ್ಲ, ಇದಕ್ಕೆ ಹೋಗಿದ್ದೆ ಎಂದು ಗೊತ್ತಾಗಬಾರದು!

"ಮುಟ್ಟು ನಿಲ್ಲೂಕಿಂತ ಮೊದಲ ಹಿಂಗ ಆಗ್ತದ್ರೀ, ಹೆದರಬ್ಯಾಡ್ರಿ," ಎಂದರು ಡಾಕ್ಟರಮ್ಮ. "ಮನ್ಯಾಗ ದೊಡ್ಡವರಿಗೆ ಯಾರಿಗರೆ ಆಗಿತ್ತೇನು ಕೇಳ್ರಿ. ಮಾತಾಡಿದ್ರ ಸಮಾಧಾನ ಆಗ್ತದ."

ಆಗ ತಟ್ಟನೆ ಹೊಳೆಯಿತು. ವೈನಿಗೆ ಆಗಿದ್ದೂ ಇದೇ! ಅವ್ವ ಹೋಗಿ ಬಹಳ ವರ್ಷವಾಯಿತು, ಕೇಳಲು ಇರುವವರು ವೈನಿ ಒಬ್ಬರೇ. ಆದರೆ ಅಷ್ಟೆಲ್ಲ ನಕ್ಕು, ನಗಿಸಿ, ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ? ಕೇಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಹಾಸಿಗೆಯ ಮೇಲೆ ಟವೆಲ್ ಹಾಸಿಕೊಳ್ಳತೊಡಗಿದೆ. "ಇದ್ಯಾಕ?" ಎಂದರು ನಮ್ಮ ಯಜಮಾನರು. "ಬೆನ್ನು ನೋವು," ಎಂದೆ. ಒಳ್ಳೆಯ ಮನುಷ್ಯ, ಅವತ್ತಿನಿಂದ ದಿನಾ ಮಲಗುವ ಮುಂಚೆ ಬಿಸಿನೀರಿನ ಚೀಲ ತುಂಬಿಸಿ ತಂದು ನನ್ನ ಬೆನ್ನಿಗೆ ಇಡತೊಡಗಿದರು! ಸುಳ್ಳು ಹೇಳಿದವಳಿಗೆ ಇಷ್ಟು ಬೇಗ ಶಿಕ್ಷೆಯಾದದ್ದನ್ನು ನಾನು ಕಂಡಿಲ್ಲ.

ಕಳೆದ ಡಿಸೆಂಬರಿನಲ್ಲಿ ವೈನಿಯ ಮಗಳ ಮದುವೆ ಬಂತು. ನಮ್ಮ ಕಡೆ ಗಂಡಿಗೆ ಹಚ್ಚಿ ಉಳಿದ ಅರಿಶಿನವನ್ನು ಬೀಗರ ಹೆಂಗಸರು ಹೆಣ್ಣಿನ ಮನೆಗೆ ತರುತ್ತಾರೆ. ಮದುಮಗಳಿಗೆ ಹಚ್ಚಿದ ಮೇಲೆ ಮಿಕ್ಕದ್ದನ್ನು ಒಬ್ಬರಿಗೊಬ್ಬರು ಬಳಿದುಕೊಳ್ಳುವುದು ವಾಡಿಕೆ. ನನ್ನ ಕತ್ತು, ತೋಳು, ಬೆನ್ನಿಗೆಲ್ಲ ಧಾರಾಳವಾಗಿ ಬಳಿದರು. ಅರಿಶಿನಕ್ಕೆಂದು ನಮ್ಮ ಆಫೀಸಿನ ಗೆಳತಿಯೊಬ್ಬಳೂ ಬಂದಿದ್ದಳು. ವೈನಿಯನ್ನು ಕಂಡವಳೇ, "ಓಹೋ, ಫ್ರಿಜ್ ವೈನಿ ಅಂದ್ರ ಇವರೇನು!" ಎಂದುಬಿಟ್ಟಳು.

ನನಗೆ ಭೂಮಿ ಬಾಯಿಬಿಡಬಾರದೆ ಎನಿಸಿತು. ವೈನಿ ಒಂದು ಗಳಿಗೆ ನನ್ನ ಕಡೆ ನೋಡಿದರು. ಆಮೇಲೆ ನಕ್ಕು, "ಹೌದ್ರೀ, ನಾನ. ಬರ್ರಿ, ಕುಂದರ್ರಿ, ಊಟಾ ಮಾಡ್ರಿ," ಎಂದರು.

ಆ ರಾತ್ರಿ ಬೀಗರ ಹೆಂಗಸರು ಅಲ್ಲೇ ಉಳಿದರು. ಪಡಸಾಲೆಯಲ್ಲಿ ಅವರಿಗೆಂದೇ ತಂದ ಹೊಸ ಬಿಳಿ ಚಾದರಗಳನ್ನು ಹಾಸಿ ಎಲ್ಲರೂ ಸಾಲಾಗಿ ಮಲಗಿದೆವು. ನೀರು ತಣ್ಣಗಿದೆಯೆಂದು ನಾನು ಮೈಯ ಅರಿಶಿನ ತೊಳೆದುಕೊಂಡಿರಲಿಲ್ಲ. ಮುಂದಿನದನ್ನು ನೀವೇ ಊಹಿಸಿ. ಬೆಳಿಗ್ಗೆ ನಾನು ಎದ್ದ ಜಾಗದಲ್ಲಿ, ಬಿಳಿ ಚಾದರದ ಮೇಲೆ, ಎರಡು ತೋಳು, ಅಗಲ ಬೆನ್ನು, ಒಂದು ಜಡೆ ಸಮೇತ ಹಳದಿ ಹೆಂಗಸೊಬ್ಬಳು ಮಲಗಿದ್ದಳು!

"ಇಲ್ಲಿ ಯಾರ ಮಲಗಿದ್ರಿ? ಚಾದರ ಪೂರಾ ಹಸೀ ಆಗೇತಲ್ಲರೀ!" ಎಂದರು ಬೀಗತಿ. ಎಲ್ಲರೂ ಬಂದು ಸುತ್ತ ನಿಂತರು. ನಾನು ದೂರದ ಮೂಲೆಗೆ ಹೋಗಿ, ಮಡಚಿದ್ದ ಹೊದಿಕೆಯನ್ನೇ ಮತ್ತೆ ಮಡಚುತ್ತಿದ್ದೆ.

ಚಹಾದ ತಾಟು ಹಿಡಿದು ಬಂದ ವೈನಿ ಚಾದರ ನೋಡಿದರು, ನನ್ನನ್ನೂ ನೋಡಿದರು. "ಅದು ನಂದ್ರೀ," ಎಂದರು. "ಆಮ್ಯಾಲ ಬಂದು ಅಲ್ಲೇ ಬಿದ್ಕೊಂಡಿದ್ದೆ. ನನಗ ಬೆವರು ಭಾಳ."

"ನೀವು ನೋಡಿದ್ರ ಕಡ್ಡಿಗತೆ ಅದೀರಿ. ಇಲ್ಲಿ ಇಷ್ಟ ದೊಡ್ಡ ಚಿತ್ರಾ ಐತಿ!"

"ನಾ ಹೊರಳ್ಯಾಡ್ತೀನ್ರೀ."

ಎಲ್ಲರೂ ಗೊಳ್ಳೆಂದು ನಕ್ಕರು. ಮಗಳ ಮದುವೆಯ ದಿನ, ಬೀಗರ ಎದುರಿಗೆ, ಅವರು ನನ್ನ ಬೆವರನ್ನು ತಮ್ಮದೆಂದು ಒಪ್ಪಿಕೊಂಡು ನಿಂತಿದ್ದರು. ಹೇಳಬಾರದು, ಆದರೂ ಹೇಳುತ್ತೇನೆ: ನಾನೂ ನಕ್ಕೆ.

ನಕ್ಕ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಿಲಿಗೆ ಹೋದೆ. ವೈನಿ ಒಗೆಯುವ ಕಲ್ಲಿನ ಮೇಲೆ ಚಾದರ ತಿಕ್ಕುತ್ತಿದ್ದರು.

"ವೈನಿ, ಅದು ನಂದು."

"ಗೊತ್ತೈತಿ ಬಿಡು. ಆ ತುದಿ ಹಿಡಿ, ಹಿಂಡೂಣು."

"ಮತ್ತ ನಿಮ್ಮದಂತ ಯಾಕ ಹೇಳಿದ್ರಿ?"

"ನನ್ನ ನೋಡಿ ನಗೂದು ಎಲ್ಲಾರಿಗೂ ರೂಢಿ ಆಗೇತಿ. ನಿನ್ನ ನೋಡಿ ನಗಬಾರ್ದು," ಎಂದರು. ಚಾದರಕ್ಕೆ ಇನ್ನೊಂದು ಸುತ್ತು ಹಾಕಿ, "ನನಗ ಸುರು ಆದಾಗ ಟಿಬಿ ಅಂತ ತಿಳಕೊಂಡಿದ್ದೆ. ಸತ್ತ ಹೋದ್ರ ಇವರಿಗೆ ಸಿಗಲಿ ಅಂತ, ಮಗಳ ಮದಿವಿ ಸೀರಿ ಯಾವ ಟ್ರಂಕಿನ್ಯಾಗ ಅದಾವು ಅಂತ ಚೀಟಿ ಬರದಿಟ್ಟಿದ್ದೆ. ನೀ ಕಲ್ತಾಕಿ ಅಂತ ನಿನಗ ಫೋನೂ ಮಾಡಿದ್ದೆ, ನೆನಪೈತೇನು?" ಎಂದರು.

ನೆನಪಿತ್ತು. ಎಂಟು ವರ್ಷದ ಹಿಂದಿನ ಮಾತು. "ರಾತ್ರಿ ಭಾಳ ಬೆವರ್ತೀನಿ, ಏನಿರಬೇಕ ಹುಡುಗಿ?" ಎಂದು ಕೇಳಿದ್ದರು. "ಅಣ್ಣಗ ಎಸಿ ಹಚ್ಚಸಾಕ ಹೇಳ್ರಿ," ಎಂದು ನಾನು ನಕ್ಕು ಫೋನ್ ಇಟ್ಟಿದ್ದೆ. ಮರುದಿನ ಆಫೀಸಿನಲ್ಲಿ ಹೇಳಿದ ಮೊದಲ ಕಥೆಯೇ ಅದು.

ಚಾದರದ ನೀರೆಲ್ಲ ಇಳಿದಿತ್ತು. ಇಬ್ಬರೂ ತುದಿ ಬಿಟ್ಟಿರಲಿಲ್ಲ. ವೈನಿ ನನ್ನ ಮುಖವನ್ನೇ ನೋಡಿ ಕೇಳಿದರು:

"ನಿನಗ ಎಷ್ಟ ದಿನಾ ಆತು, ಹುಡುಗಿ? ಹೆದರಿದ್ದಿಯೇನು?"

ಅವತ್ತು ಫೋನಿನಲ್ಲಿ ನಾನು ಕೇಳಬೇಕಿದ್ದುದು ಇಷ್ಟೇ.

"ಹೂನ್ರೀ ವೈನಿ," ಎಂದೆ, "ಭಾಳ ಹೆದರೇನಿ." ಅಷ್ಟು ಹೇಳುವುದರೊಳಗೆ ಅಳು ಬಂದಿತ್ತು.