ಜೀವರತ್ನಮ್ಮನವರ ಗುಟ್ಟಿನ ಉಪವಾಸ

ಉಪವಾಸ ಮಾಡುವವರು ಮುಖ ಬಾಡಿಸಿಕೊಂಡು ಊರಿಗೆಲ್ಲ ತೋರಿಸಬಾರದು, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದು ಲವಲವಿಕೆಯಿಂದಿರಬೇಕು ಎಂದು ಸಭಾಪಾಲಕ ಸತ್ಯಮಿತ್ರಯ್ಯನವರು ಭಾನುವಾರದ ಪ್ರಸಂಗದಲ್ಲಿ ಹೇಳಿದ್ದೇ ಎಲ್ಲಕ್ಕೂ ಮೂಲವಾಯಿತು. ಚರ್ಚಿನಲ್ಲಿದ್ದ ಅರವತ್ತು ಜನ ಅದನ್ನು ಕೇಳಿ ಮನೆಗೆ ಹೋಗಿ ಊಟ ಮಾಡಿದರು. ಜೀವರತ್ನಮ್ಮ ಒಬ್ಬರು ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡರು.

ಜೀವರತ್ನಮ್ಮ ಹೊನ್ನಾಳಿಯ ಸಭೆಯಲ್ಲಿ ಹದಿನೆಂಟು ವರ್ಷದಿಂದ ಸೇವಕಿ. ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು, ಸಂಡೇ ಸ್ಕೂಲು, ಹೆಂಗಸರ ಕೂಟ, ಎಲ್ಲ ಅವರದೇ. ವಯಸ್ಸು ನಲವತ್ತಮೂರು. ಇಷ್ಟು ಕೆಲಸದ ನಡುವೆ ಮದುವೆಗೆ ಪುರುಸೊತ್ತಾಗಿರಲಿಲ್ಲ. ಪುರುಸೊತ್ತು ಮಾಡಿಕೊಳ್ಳಬೇಕೆಂದು ಅವರಿಗೆ ಅನಿಸಿಯೂ ಇರಲಿಲ್ಲ. ತಿಂಗಳ ಮೊದಲ ಶುಕ್ರವಾರ ಸಂಜೆ ಆರರವರೆಗೆ ಬರೀ ನೀರು ಕುಡಿದು, ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡುವುದು ಅವರ ರೂಢಿ. ಬೀದಿಯವರು ತಲೆನೋವೆಂದು ತಿಳಿದು ಸುಮ್ಮನಿರುತ್ತಿದ್ದರು.

ಈ ಶುಕ್ರವಾರ ಹಾಗಾಗಲಿಲ್ಲ. ಜೀವರತ್ನಮ್ಮ ತಲೆಗೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿದರು. ಮುಖ ತೊಳೆದು ಪೌಡರ್ ಹಾಕಿದರು. ಮಾಸಲು ಬಿಳಿ ಸೀರೆಯಲ್ಲಿ ಲವಲವಿಕೆ ಕಾಣುವುದಿಲ್ಲವೆನಿಸಿ, ತಂಗಿ ಕೊಡಿಸಿ ಎರಡು ವರ್ಷದಿಂದ ಟ್ರಂಕಿನಲ್ಲಿದ್ದ ಆಕಾಶನೀಲಿ ಸೀರೆ ಉಟ್ಟರು. ಕನ್ನಡಿ ನೋಡಿ ನಕ್ಕರು. ಅಭ್ಯಾಸವಿಲ್ಲದ ನಗು, ಹೊಸ ಚಪ್ಪಲಿಯ ಹಾಗೆ ಅಲ್ಲಲ್ಲಿ ಕಚ್ಚುತ್ತಿತ್ತು. ಆದರೂ ಅದನ್ನೇ ಹಾಕಿಕೊಂಡು ಹೊರಗೆ ಬಂದರು.

ಪಕ್ಕದ ಮನೆಯ ಭೀಮಕ್ಕ ಅಂಗಳ ಗುಡಿಸುವುದನ್ನು ನಿಲ್ಲಿಸಿ ನೋಡಿದಳು. ಏನು ವಿಶೇಷ ಎಂದು ಕೇಳಿದಳು. ಏನೂ ಇಲ್ಲ ಎಂದು ಜೀವರತ್ನಮ್ಮ ನಕ್ಕರು. ಬಿಸಿ ರೊಟ್ಟಿ ಐತೆ, ತಿಂದು ಹೋಗಿ ಎಂದಳು. ಹಸಿವಿಲ್ಲ ಎಂದರೆ ಸುಳ್ಳಾಗುತ್ತದೆ, ಉಪವಾಸ ಎಂದರೆ ಗುಟ್ಟು ಬಯಲಾಗುತ್ತದೆ. ಜೀವರತ್ನಮ್ಮ ಈಗ ಬೇಡ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಮತ್ತೊಮ್ಮೆ ನಕ್ಕರು. ಹೊಸ ಸೀರೆ, ಎಣ್ಣೆ ತಲೆ, ಸುಮ್ಮಸುಮ್ಮನೆ ನಗು, ಅದರ ಮೇಲೆ ಊಟ ಸೇರುತ್ತಿಲ್ಲ. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ್ದ ಭೀಮಕ್ಕನಿಗೆ ಇದಕ್ಕಿಂತ ಹೆಚ್ಚಿನ ಗುರುತು ಬೇಕಿರಲಿಲ್ಲ.

ಜೀವರತ್ನಮ್ಮ ಬೀದಿಯ ತುದಿಯಲ್ಲಿದ್ದ ತಿಪ್ಪೇಶಪ್ಪನ ಕಿರಾಣಿ ಅಂಗಡಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ತಿಪ್ಪೇಶಪ್ಪ ಎದ್ದು ನಿಂತು ಕೈ ಮುಗಿದ.

“ಈ ವಯಸ್ಸಿನಾಗೆ ಧೈರ್ಯ ಮಾಡಿದ್ರಲ್ಲ ಸಿಸ್ಟರಮ್ಮ, ಭಾಳ ಸಂತೋಷ ಆತು.”

ಉಪವಾಸದ ಗುಟ್ಟು ಇವನಿಗೆ ಹೇಗೆ ತಿಳಿಯಿತೆಂದು ಜೀವರತ್ನಮ್ಮನವರಿಗೆ ಗಲಿಬಿಲಿಯಾಯಿತು.

“ನಂದೇನೈತ್ರೀ, ಎಲ್ಲಾ ದೇವರು ನಡೆಸಿದಂಗೆ” ಎಂದರು.

ತಿಪ್ಪೇಶಪ್ಪನಿಗೆ ಅಷ್ಟು ಸಾಕಾಯಿತು. ಸಂಜೆಗೆ ಕುರ್ಚಿ ಕಳಿಸುತ್ತೇನೆಂದ. ಉಪವಾಸಕ್ಕೆ ಕುರ್ಚಿ ಯಾಕೆಂದು ಅವರಿಗೆ ಹೊಳೆಯಲಿಲ್ಲ. ಬೇಡವೆಂದರೆ ನೊಂದುಕೊಳ್ಳುತ್ತಾನೇನೋ ಎಂದು ತಲೆಯಾಡಿಸಿ ಮುಂದೆ ಹೋದರು.

ವಿಷಯ ಬಿಚ್ಚಿಕೊಂಡಿದ್ದು ಮಧ್ಯಾಹ್ನ, ಎದುರು ಮನೆಯ ಸಾವಂತ್ರಮ್ಮನ ಹತ್ತಿರ. ಮಂಡಿನೋವಿನಿಂದ ವಾರದಿಂದ ಮಲಗಿದ್ದ ಮುದುಕಿಗೆ ಪ್ರಾರ್ಥನೆ ಮಾಡಲು ಜೀವರತ್ನಮ್ಮ ಹೋದರೆ, ಮುದುಕಿ ಪ್ರಾರ್ಥನೆಗೆ ಮೊದಲೇ ಎದ್ದು ಕೂತಿದ್ದಳು.

“ನಿನ್ನ ನೋಡಾಕೆ ಗಂಡಿನ ಕಡೆಯೋರು ಬರ್ತಾರಂತೆ, ಹೌದೇನವ್ವ?”

ಜೀವರತ್ನಮ್ಮನವರ ಕೈಯಲ್ಲಿದ್ದ ಬೈಬಲು ಜಾರಿ ತೊಡೆಯ ಮೇಲೆ ಬಿತ್ತು. ಇಲ್ಲವೇ ಇಲ್ಲ ಎಂದರು. ಮುಖ ಕೆಂಪಾಯಿತು. ಮುಖ ಕೆಂಪಾದದ್ದನ್ನು ಸಾವಂತ್ರಮ್ಮ ನೋಡಿದಳು, ಇಲ್ಲ ಎಂದದ್ದನ್ನು ಕೇಳಿಸಿಕೊಳ್ಳಲಿಲ್ಲ. ಹದಿನೆಂಟು ವರ್ಷ ಒಂದು ಮಾತು ಬರದ ಹಾಗೆ ನಡೆದ ಬಾಳು. ಈ ಸುದ್ದಿ ಹೆಂಗಸರ ಕೂಟ ಮುಟ್ಟಿದರೆ ನಾಳೆಯಿಂದ ತಲೆಯೆತ್ತಿ ಹಾಡು ಹೇಳಿಕೊಡುವುದು ಹೇಗೆ? ಗುಟ್ಟಿಗಿಂತ ಮಾನ ದೊಡ್ಡದೆನಿಸಿ ಜೀವರತ್ನಮ್ಮ ಸತ್ಯ ಹೇಳಿಬಿಟ್ಟರು.

“ನಾನು ಇವತ್ತು ಉಪವಾಸ ಅದೀನಿ ಕಣಮ್ಮ, ಅಷ್ಟೇ.”

ಸಾವಂತ್ರಮ್ಮನ ಕಣ್ಣಲ್ಲಿ ನೀರಾಡಿತು. “ನಾನೂ ಒಳ್ಳೆ ಗಂಡ ಸಿಗಲಿ ಅಂತ ಹದಿನಾರು ಸೋಮವಾರ ಮಾಡಿದ್ದೆ” ಎಂದಳು.

ಹೇಳಿದ ಸತ್ಯವನ್ನು ವಾಪಸು ತೆಗೆದುಕೊಳ್ಳುವ ದಾರಿ ಗೊತ್ತಾಗದೆ ಜೀವರತ್ನಮ್ಮ ಅರ್ಧ ಪ್ರಾರ್ಥನೆ ಮಾಡಿ ಮನೆಗೆ ಬಂದರು. ನಾಲ್ಕು ಗಂಟೆಗೆ ಬೀದಿಯ ಹೆಂಗಸರೆಲ್ಲ ಹಿಂದೆಯೇ ಬಂದರು. ವಾರದಿಂದ ಹಾಸಿಗೆ ಬಿಟ್ಟೇಳದ ಸಾವಂತ್ರಮ್ಮ ಎಲ್ಲರಿಗಿಂತ ಮುಂದಿದ್ದಳು. ಉಪವಾಸಕ್ಕೆ ಅನ್ನ ಮಾತ್ರ ಬೇಡ, ಉಪ್ಪಿಟ್ಟು ನಡೆಯುತ್ತದೆ ಎಂದು ಭೀಮಕ್ಕ ಒಂದು ಪಾತ್ರೆ ತುಂಬ ತಂದಿದ್ದಳು. ಇನ್ನೊಬ್ಬರು ಕೇಸರಿಬಾತು, ಮತ್ತೊಬ್ಬರು ಒಗ್ಗರಣೆ ಅವಲಕ್ಕಿ. ಅಂಗಡಿಯಿಂದ ಎಂಟು ಕುರ್ಚಿಗಳೂ ಬಂದವು. ತಿನ್ನಿ ತಿನ್ನಿ ಎಂದು ಸುತ್ತುವರಿದವರ ನಡುವೆ ಜೀವರತ್ನಮ್ಮ ಒಂದು ಲೋಟ ನೀರು ಹಿಡಿದು ಕೂತರು. ತುಪ್ಪದ ವಾಸನೆಗೆ ಹೊಟ್ಟೆ ಹಳೇ ಬಸ್ಸಿನಂತೆ ಗುರುಗುಟ್ಟಿತು. ಆರಕ್ಕೆ ಇನ್ನು ಅರ್ಧ ಗಂಟೆ. ಗಂಡಿನ ಕಡೆಯವರು ಹೇಗೂ ಬರುವುದಿಲ್ಲ. ಬರದಿದ್ದರೆ ಈ ಹೆಂಗಸರೇ ಎದ್ದು ಹೋಗುತ್ತಾರೆ, ಎಲ್ಲ ತಣ್ಣಗಾಗುತ್ತದೆ ಎಂದು ಅವರು ಗಡಿಯಾರ ನೋಡುತ್ತಿದ್ದರು.

ಹೊರಗೆ ಬೈಕ್ ನಿಂತಿತು.

ಬಂದವರು ಸಭಾಪಾಲಕರು. ಹಿಂದೆ ಇಸ್ತ್ರಿ ಶರ್ಟಿನ, ಐವತ್ತರ ಆಸುಪಾಸಿನ ಒಬ್ಬರು ಇಳಿದರು. ಸತ್ಯಮಿತ್ರಯ್ಯನವರು ಕುರ್ಚಿಗಳ ಸಾಲು ನೋಡಿದರು, ತಟ್ಟೆಗಳನ್ನು ನೋಡಿದರು, ನೀಲಿ ಸೀರೆಯನ್ನು ನೋಡಿ ಬೆರಗಾದರು.

“ನಿಮಗೆ ಯಾರು ಹೇಳಿದ್ರು? ಸಮಾಧಾನಪ್ಪನೋರಿಗೇ ನಾನು ಬಸ್‌ಸ್ಟ್ಯಾಂಡ್‌ನಾಗೆ ಹೇಳಿದ್ದು!”

ಸಮಾಧಾನಪ್ಪನವರು ಜಗಳೂರಿನ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಇಬ್ಬರೂ ಒಂಟಿ, ಒಂದು ಮಾತು ನೋಡೋಣ ಎಂದು ಸಭಾಪಾಲಕರು ಯಾರಿಗೂ ಹೇಳದೆ ಕರೆತಂದಿದ್ದರು. ಭೀಮಕ್ಕ ಎಲ್ಲರ ಕಡೆ ಗೆದ್ದವಳಂತೆ ನೋಡಿದಳು. ನನಗೇನೂ ಗೊತ್ತಿರಲಿಲ್ಲ, ನಾನು ನಿಮ್ಮ ಪ್ರಸಂಗದಂತೆ ನಡೆದದ್ದು ಎಂದು ಜೀವರತ್ನಮ್ಮ ತಡವರಿಸಿದರು. ಮದುವೆಯ ಬಗ್ಗೆ ತಾನು ಯಾವಾಗ ಪ್ರಸಂಗ ಮಾಡಿದೆನೆಂದು ಸಭಾಪಾಲಕರು ಯೋಚನೆಗೆ ಬಿದ್ದರು.

ಅಷ್ಟರಲ್ಲಿ ಸಾವಂತ್ರಮ್ಮ ಬಂದವರ ಪಕ್ಕ ಕೂತು, ಹುಡುಗಿ ಬೆಳಗಿನಿಂದ ಒಂದು ಅಗುಳೂ ಮುಟ್ಟಿಲ್ಲವೆಂದು ತಿಳಿಸಿದಳು. ಸಮಾಧಾನಪ್ಪನವರು ಎರಡು ತಟ್ಟೆ ಉಪ್ಪಿಟ್ಟು ಮುಗಿಸಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಗಂಟಲು ಸರಿಮಾಡಿಕೊಂಡರು.

“ನಿಜ ಹೇಳ್ತೀನ್ರೀ. ಬ್ಯಾಡ ಅಂತ ಹೇಳಿ ಏಳರ ಬಸ್ಸಿಗೆ ಹೊಂಡಾಕೆ ಅಂತ್ಲೇ ಬಂದಿದ್ದೆ. ಆದ್ರೆ ನನಗೋಸ್ಕರ ಒಬ್ರು ದಿನವೆಲ್ಲ ಉಪವಾಸ ಕುಂತಿದಾರೆ ಅಂದ್ರೆ, ನಾನು ಹೆಂಗೆ ಬ್ಯಾಡ ಅನ್ನಲಿ? ನಂದು ಒಪ್ಪಿಗೆ ಐತೆ.”

ಜೀವರತ್ನಮ್ಮ ಧಡಕ್ಕನೆ ಎದ್ದರು. ಇನ್ನು ಸುಮ್ಮನಿದ್ದರೆ ಆಗುವುದಿಲ್ಲವೆಂದು, ನನಗೆ ಒಪ್ಪಿಗೆಯಿಲ್ಲ ಎಂದು ಹೇಳಲು ಬಾಯಿ ಪೂರ್ತಿ ತೆರೆದರು. ತೆರೆದ ಬಾಯಿಗೆ ಸಾವಂತ್ರಮ್ಮ ಒಂದು ಹಿಡಿ ಸಕ್ಕರೆ ಹಾಕಿದಳು.

ಆರಕ್ಕೆ ಇನ್ನೂ ಎರಡು ನಿಮಿಷವಿತ್ತು. ಉಗುಳಿದರೆ ಬಂದವರಿಗೆ ಅವಮಾನ, ನುಂಗಿದರೆ ಉಪವಾಸ ಹೋಯಿತು. ಯಾವುದನ್ನೂ ತೀರ್ಮಾನಿಸಲಾಗದೆ ಜೀವರತ್ನಮ್ಮ ಕೆನ್ನೆ ಉಬ್ಬಿಸಿಕೊಂಡು ನಿಂತಿರುವಾಗ, ಹುಡುಗಿ ನಾಚಿಕೆಯಿಂದ ಮಾತಾಡುತ್ತಿಲ್ಲವೆಂದು ಭೀಮಕ್ಕ ಎಲ್ಲರಿಗೂ ವಿವರಿಸಿದಳು. ಸಭಾಪಾಲಕರು ಜೇಬಿನಿಂದ ಡೈರಿ ತೆಗೆದು ಮುಂದಿನ ತಿಂಗಳ ಹಾಳೆ ಮಗುಚಿದರು.